ಹೆಜ್ಜೆ ತಪ್ಪಿಸುವ ಸೇತುವೆ

ಘಟಪ್ರಭೆಯ ಮೇಲೆ ಮುತ್ತಲದಿನ್ನಿಯವರು ಕಂಡ ಮೊದಲ ಕಾಲುಸೇತುವೆ ಉದ್ಘಾಟನೆಯ ದಿನವೇ ಕುಡಿದವನಂತೆ ತೂರಾಡಿತು. ಮಂತ್ರಿಗಳು ರಿಬ್ಬನ್ ಕತ್ತರಿಸಿದ್ದೇ ತಡ, ಎರಡೂ ದಂಡೆಯ ಜನ ಒಮ್ಮೆಲೇ ನುಗ್ಗಿದರು. ನಡುಹೊಳೆಗೆ ಬರುವಷ್ಟರಲ್ಲಿ ಸೇತುವೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗಿತು. ಬಿದ್ದೇವೆಂದು ಜನ ಕಾಲು ಅಗಲಿಸಿ, ಅದು ವಾಲಿದ ಕಡೆಗೇ ಹೆಜ್ಜೆ ಊರಿದರು. ಊರಿದಷ್ಟೂ ಅದು ಇನ್ನಷ್ಟು ವಾಲಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮಂತ್ರಿಗಳ ಪೇಟವೊಂದು ಹೊಳೆಯ ಪಾಲಾಯಿತು, ಅಷ್ಟೆ.

ಆ ಸೇತುವೆಯ ವಿನ್ಯಾಸ ಮಾಡಿದ ಎಂಜಿನಿಯರ್ ಚಂಪಾವತಿ ಬಡಿಗೇರ. ಅವಳು ಈ ಊರಿನ ಸೊಸೆಯೂ ಹೌದು. ಹಾಗಾಗಿ ಕೆಲಸ ಕೆಟ್ಟಾಗ ಜೀಪು ಹತ್ತಿ ಬೇರೆ ಊರಿಗೆ ಹೋಗಿಬಿಡುವ ಅನುಕೂಲ ಅವಳಿಗಿರಲಿಲ್ಲ. ಮರುದಿನ ಸಂತೆಯಲ್ಲಿ ಬದನೆಕಾಯಿ ಮಾರುವವಳು ತಕ್ಕಡಿ ಹಿಡಿದುಕೊಂಡೇ ಕೇಳಿದಳು: "ಏನ್ ಅಕ್ಕಾರ, ಸೇತುವಿ ಕಟ್ಟೀರೋ, ಜೋಕಾಲಿ ಕಟ್ಟೀರೋ?"

ತಪ್ಪು ಎಲ್ಲಿದೆಯೆಂದು ಚಂಪಾಳಿಗೆ ಗೊತ್ತಿತ್ತು. ಮನುಷ್ಯ ನಡೆಯುವಾಗ ನೆಲವನ್ನು ಕೆಳಕ್ಕಷ್ಟೇ ಒತ್ತುವುದಿಲ್ಲ, ಎಡಬಲಕ್ಕೂ ತುಸು ತಳ್ಳುತ್ತಾನೆ. ಒಬ್ಬನ ತಳ್ಳುವಿಕೆ ಏನೇನೂ ಅಲ್ಲ. ಸಾವಿರ ಜನ ಒಂದೇ ಲಯದಲ್ಲಿ ತಳ್ಳಿದರೆ ಕಥೆ ಬೇರೆ. ತೊಟ್ಟಿಲು ತೂಗುವ ತಾಯಿ ಬಲ ಹಾಕುತ್ತಾಳೆಯೇ? ತೊಟ್ಟಿಲು ತಿರುಗಿ ಬರುವ ಹೊತ್ತಿಗೆ ಸರಿಯಾಗಿ ಬೆರಳು ತಾಗಿಸುತ್ತಾಳೆ. ಸೇತುವೆಗೂ ತೊಟ್ಟಿಲಿನಂತೆ ತನ್ನದೇ ಒಂದು ತೂಗುವ ಲಯವಿತ್ತು. ಅದು ಜನರ ಹೆಜ್ಜೆಯ ಲಯಕ್ಕೆ ಹತ್ತಿರವಾಗಿದ್ದೇ ಮುಳುವಾಯಿತು.

ಹೊಳೆಯಲ್ಲಿ ಹೊಸ ಕಂಬ ನಿಲ್ಲಿಸೋಣವೆಂದರೆ ತಳದಲ್ಲಿ ಮಾರುಗಟ್ಟಲೆ ಉಸುಕು. ಭಾರ ಹೇರೋಣವೆಂದರೆ ಸೇತುವೆಯನ್ನು ಗೋಪುರಗಳಿಗೆ ತೂಗುಹಾಕಿದ ಉಕ್ಕಿನ ಹಗ್ಗಗಳು ತಾಳುವುದಿಲ್ಲ. ಕೊನೆಗೆ ಚಂಪಾ ಅದುವರೆಗೆ ಯಾರೂ ಮಾಡದ ಕೆಲಸಕ್ಕೆ ಕೈ ಹಾಕಿದಳು. ಸೇತುವೆಯ ಹಾಸನ್ನೆಲ್ಲ ಕಿತ್ತು, ಅದರ ಜಾಗದಲ್ಲಿ 'ಹೆಜ್ಜೆಹಲಗೆ'ಗಳನ್ನು ಹೂಡಿಸಿದಳು. ಪ್ರತಿ ಹಲಗೆಯ ಅಡಿಯಲ್ಲಿ ವಿದ್ಯುತ್ ಹಾಯಿಸಿದರೆ ಉಬ್ಬುವ ಹರಳಿನ ಬಿಲ್ಲೆಗಳು. ಕಾಲು ಬಿದ್ದೊಡನೆ ಹಲಗೆ ಅದನ್ನು ಗುರುತಿಸಿ ಕೂದಲೆಳೆಯಷ್ಟು ಏಳುತ್ತಿತ್ತು, ಇಲ್ಲವೇ ಇಳಿಯುತ್ತಿತ್ತು. ನಡೆಯುವವನಿಗೆ ಗೊತ್ತೇ ಆಗದಂತೆ ಅವನ ಮುಂದಿನ ಹೆಜ್ಜೆ ಒಂದಿಷ್ಟು ಬೇಗ ಅಥವಾ ಒಂದಿಷ್ಟು ತಡವಾಗಿ ಬೀಳುತ್ತಿತ್ತು. ಹೀಗೆ ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ ಕೂಡದಂತಾಯಿತು. ಹೆಜ್ಜೆ ಕೂಡದಿದ್ದರೆ ತೂಗಾಟವೂ ಇಲ್ಲ.

ಸೇತುವೆ ಮತ್ತೆ ತೆರೆದಾಗ ಊರಿಗೆ ಊರೇ ಬಂದು ಓಡಾಡಿತು. ಸೇತುವೆ ಬಂಡೆಯಂತೆ ನಿಂತಿತು. ಬದನೆಕಾಯಿಯವಳು ಎರಡು ಕಾಯಿ ಹೆಚ್ಚಿಗೆ ಹಾಕಿಕೊಟ್ಟಳು. ಚಂಪಾ ನೆಮ್ಮದಿಯಿಂದ ನಿದ್ದೆ ಮಾಡಿದಳು.

ಆ ನೆಮ್ಮದಿಗೆ ಮೊದಲು ಕಲ್ಲು ಹಾಕಿದವಳು ಅವಳ ಅತ್ತೆ ನಾಗವ್ವ.

ಚಂಪಾಳ ಗಂಡ ಮಲ್ಲೇಶಿ ಆಚೆ ದಂಡೆಯ ಶಾಂತಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದ. ನಾಗವ್ವ ಮತ್ತು ಅವಳ ಗೆಳತಿ ಹಸೀನಾಬಿ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ರೊಟ್ಟಿ ಬಡಿಯುತ್ತಿದ್ದರು. ಮೊದಲು ದೋಣಿಯಲ್ಲಿ, ಈಗ ಸೇತುವೆಯ ಮೇಲೆ. ಇಬ್ಬರಿಗೂ ಮೊಣಕಾಲು ನೋವು. ಒಬ್ಬರ ಕೈಯನ್ನೊಬ್ಬರು ಹಿಡಿದೇ ನಡೆಯುತ್ತಿದ್ದರು. ಒಂದು ಸಂಜೆ ನಾಗವ್ವ ರಟ್ಟೆಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು.

"ಏನಾತ್ರೀ ಅತ್ತಿ?"

"ಏನಾಗೂದು! ನಿನ್ನ ಸೇತುವಿ ಮ್ಯಾಲ ಹಸೀನಾನ ಕೈ ಹಿಡಕೊಂಡ್ರ ರಟ್ಟಿ ಜಗ್ಗತೈತಿ. ನಾ ಮುಂದಾದ್ರ ಆಕಿ ಹಿಂದ, ಆಕಿ ಮುಂದಾದ್ರ ನಾ ಹಿಂದ. ಇಷ್ಟ ವರ್ಷ ಕೂಡಿ ನಡದೇವಿ, ಒಂದ ದಿನ ಹಿಂಗ ಆಗಿದ್ದಿಲ್ಲ. ಈಗ ಬ್ಯಾರೆ ಬ್ಯಾರೆ ದಾಟ್ತೀವಿ. ಮಾತೇನಿದ್ರೂ ಆಚಿ ದಂಡಿಗೆ ಹೋದ ಮ್ಯಾಲ."

"ವಯಸ್ಸಾತಲ್ರೀ ಅತ್ತಿ, ಅದಕ್ಕ," ಎಂದು ಚಂಪಾ ನಕ್ಕಳು.

"ವಯಸ್ಸು ಸೇತುವಿ ಮ್ಯಾಲಷ್ಟ ಆಗತೈತೇನು? ರಸ್ತಾದಾಗ ನೆಟ್ಟಗ ನಡೀತೀವಲ್ಲ?"

ಚಂಪಾಳ ನಗು ಅಲ್ಲಿಗೇ ನಿಂತಿತು. ಅಂದಿನಿಂದ ಅವಳು ಕಣ್ಣು ತೆರೆದು ನೋಡತೊಡಗಿದಳು. ಹೊಸದಾಗಿ ಮದುವೆಯಾದವರು ಆತುಕೊಂಡು ಸೇತುವೆ ಹತ್ತಿ, ಮುಖ ತಿರುಗಿಸಿಕೊಂಡು ಇಳಿಯುತ್ತಿದ್ದರು. "ಅಷ್ಟ್ಯಾಕ ಅವಸರ ಮಾಡ್ತಿ?" ಎಂದು ಅವಳು, "ನೀನ ಹಿಂದ ಬೀಳ್ತಿ," ಎಂದು ಅವನು. ಕಾಲೇಜು ಹುಡುಗಿಯರ ಗುಂಪು ಹರಟುತ್ತ ಬಂದು, ನಡುಹೊಳೆಯಲ್ಲಿ ಚದುರಿದ ಜೋಳದ ಕಾಳಾಗಿಬಿಡುತ್ತಿತ್ತು. ನಾಲ್ವರು ಹಮಾಲರು ಬೊಂಬು ಕಟ್ಟಿ ಹೊತ್ತಿದ್ದ ಕನ್ನಡಿಯ ಕಪಾಟು ಸೇತುವೆಯ ಮೇಲೆಯೇ ಮುಗುಚಿ ಬಿತ್ತು. ನಾಲ್ವರೂ ಒಬ್ಬರನ್ನೊಬ್ಬರು ಬೈದುಕೊಂಡರು. ಸೇತುವೆಯನ್ನು ಬೈಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಿಯಂತ್ರಣ ಕೊಠಡಿ ಈ ದಂಡೆಯ ಗೋಪುರದ ಬುಡದಲ್ಲಿತ್ತು. ತಗಡಿನ ಮಾಡು, ಎರಡು ಪರದೆ, ಒಂದು ಫ್ಯಾನು. ಅಲ್ಲಿ ಅವಳ ಸಹಾಯಕ ಎಂಜಿನಿಯರ್ ಪ್ರಾಣೇಶ ಕಟ್ಟಿ ಕೂರುತ್ತಿದ್ದ. ಪರದೆಯ ಮೇಲೆ ಪ್ರತಿಯೊಬ್ಬರ ಹೆಜ್ಜೆಯೂ ಒಂದೊಂದು ಬೆಳಕಿನ ಚುಕ್ಕೆ. ಒಂದು ಬೆಳಿಗ್ಗೆ ಚಂಪಾ ಅಲ್ಲಿ ನಿಂತು ಎರಡು ನಿಧಾನದ ಚುಕ್ಕೆಗಳನ್ನು ಹುಡುಕಿದಳು. ನಾಗವ್ವ, ಹಸೀನಾಬಿ. ಇಬ್ಬರೂ ಅಂದು ಮತ್ತೆ ಕೈ ಹಿಡಿದು ನೋಡಿದ್ದರು. ಚುಕ್ಕೆಗಳು ಹತ್ತಿರ ಬಂದವು, ಒಟ್ಟಿಗೆ ಮಿನುಗಿದವು. ಕೂಡಲೇ ಹಲಗೆಗಳು ಎಚ್ಚೆತ್ತು ಒಂದನ್ನು ಮುಂದಕ್ಕೂ ಒಂದನ್ನು ಹಿಂದಕ್ಕೂ ಸರಿಸಿದವು. ಮತ್ತೆ ಹತ್ತಿರ ಬಂದವು, ಮತ್ತೆ ಸರಿಸಿದವು. ಸ್ವಲ್ಪ ದೂರ ಹೋದ ಮೇಲೆ ಚುಕ್ಕೆಗಳು ಸೋತು ಬೇರೆ ಬೇರೆಯಾಗಿ ನಡೆದವು.

"ಎಷ್ಟು ಛಲೋ ಕೆಲಸ ಮಾಡ್ಲಿಕ್ಕತ್ತದ ನೋಡ್ರಿ ಮೇಡಂ," ಎಂದ ಪ್ರಾಣೇಶ.

ಯಂತ್ರದ ತಪ್ಪೇನೂ ಇರಲಿಲ್ಲ. ಕೂಡಿ ನಡೆಯುವವರನ್ನು ಅಗಲಿಸು ಎಂದು ಅದಕ್ಕೆ ಕಲಿಸಿದವಳು ಚಂಪಾಳೇ. ಸಾವಿರ ಅಪರಿಚಿತರ ನೂಕುನುಗ್ಗಲು ಯಾವುದು, ಇಬ್ಬರು ಮುದುಕಿಯರ ಗೆಳೆತನ ಯಾವುದು ಎಂದು ಅದಕ್ಕೆ ಹೇಗೆ ತಿಳಿಯಬೇಕು?

ಅದೇ ವಾರ ಫಕ್ಕೀರಪ್ಪ ಕೊಠಡಿಯ ಬಾಗಿಲಿಗೆ ಬಂದ. ಆತ ಸನಾದಿ ಊದಿ, ತಾಳ ತಟ್ಟಿ, ಕರಡಿಯೆಂಬ ಚರ್ಮವಾದ್ಯ ಬಾರಿಸುವ ಕರಡಿ ಮಜಲಿನ ಮೇಳದ ಮುಂದಾಳು. ಸುತ್ತಲ ಊರುಗಳಲ್ಲಿ ಅವನ ಕರಡಿ ವಾದ್ಯದ ದನಿಯಿಲ್ಲದೆ ಯಾವ ಮದುವೆಯ ಮೆರವಣಿಗೆಯೂ ಹೊರಡುತ್ತಿರಲಿಲ್ಲ.

"ಅಕ್ಕಾರ, ನನ್ನ ಮಗಳು ಕಸ್ತೂರಿ ಲಗ್ನ ಗೊತ್ತಾಗೈತ್ರಿ. ಗಂಡು ಶಾಂತಪ್ಯಾಟಿಯಂವ. ಹೆಣ್ಣಿನ ದಿಬ್ಬಣ ಇದ ಸೇತುವಿ ಮ್ಯಾಲ ಹೋಗಬೇಕಂತ ಆಸೆ. ನಿನ್ನೆ ಮ್ಯಾಳ ಕರಕೊಂಡು ಬಂದು ಬಾರಿಸಿ ನೋಡಿದೆ. ನಡಕೋತ ಬಾರಿಸಾಕ ಆಗವಲ್ದು. ಸನಾದಿ ಒಂದ ಕಡೆ, ತಾಳ ಒಂದ ಕಡೆ, ನಾ ಒಂದ ಕಡೆ. ಹುಟ್ಟಿದಾಗಿಂದ ಬಾರಸ್ತೀನಿ, ನನ್ನ ಕಾಲ ನನಗ ಮೋಸ ಮಾಡ್ಯಾವಂದ್ರ ಏನ್ ಹೇಳಲಿ?"

"ಕಾಲಿಂದು ತಪ್ಪಿಲ್ಲ ಅಣ್ಣಾರ. ತಪ್ಪು ಹಲಗೀದು," ಎಂದಳು ಚಂಪಾ.

"ಹಂಗಾರ ಆ ಹೊತ್ತಿನ ಮಟ್ಟಿಗೆ ಅದನ್ನ ಬಂದ್ ಮಾಡ್ರಲ್ಲ."

"ಬಂದ್ ಮಾಡಿದ್ರ ಜೋಕಾಲಿ ಆಗತೈತಿ. ದಿಬ್ಬಣದಾಗ ಎಲ್ಲಾರೂ ನಿಮ್ಮ ತಾಳಕ್ಕ ಹೆಜ್ಜಿ ಹಾಕ್ತಾರ. ಉದ್ಘಾಟನಿ ದಿನಕ್ಕಿಂತ ಜಾಸ್ತಿ ತೂಗತೈತಿ."

ಫಕ್ಕೀರಪ್ಪ ಮುಖ ಸಣ್ಣದು ಮಾಡಿಕೊಂಡ. "ಊರ ಮಂದಿ ಮಕ್ಕಳನ್ನೆಲ್ಲಾ ಬಾರಿಸಿ ಕಳಿಸೇನ್ರಿ. ನನ್ನ ಮಗಳಷ್ಟ ದೊಡ್ಡ ರಸ್ತಾ ಸುತ್ತಿ ಟ್ರ್ಯಾಕ್ಟರಿನ್ಯಾಗ ಹೋಗಬೇಕೇನು?"

ಚಂಪಾ ಈ ತೊಡಕನ್ನೆಲ್ಲ ಕೇಂದ್ರ ಕಚೇರಿಗೆ ತಿಳಿಸಿದಳು. ಮುಖ್ಯ ಎಂಜಿನಿಯರ್ ಸತ್ಯವ್ರತ ರಾಯರು ಪರದೆಯ ಮೇಲೆ ಕಾಣಿಸಿಕೊಂಡು ಕನ್ನಡಕ ಒರೆಸುತ್ತ ಕೇಳಿದರು.

"ಸೇತುವೆ ಅಲುಗಾಡ್ತಾ ಇದೆಯಾ?"

"ಇಲ್ಲ ಸರ್."

"ಮತ್ತೇನಮ್ಮಾ ಸಮಸ್ಯೆ? ಜೊತೆಯಾಗಿ ನಡೆಯೋದನ್ನ ನಿಷೇಧಿಸಲಾಗಿದೆ ಅಂತ ಒಂದು ಬೋರ್ಡ್ ಹಾಕಿಬಿಡಿ."

ಚಂಪಾ ಅಂದು ಮಧ್ಯಾಹ್ನ ಊಟಕ್ಕೆ ಖಾನಾವಳಿಗೆ ಹೋದಳು. ಅವಳೂ ಒಬ್ಬಳೇ ಸೇತುವೆ ದಾಟಿದಳು. ಮಲ್ಲೇಶಿ ತಟ್ಟೆಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿ ಎದುರಿಗೆ ಕೂತ. ಅವಳು ರೊಟ್ಟಿ ಮುರಿದದ್ದಷ್ಟೇ, ತಿನ್ನಲಿಲ್ಲ.

"ಜೊತಿಗೂಡಿ ನಡೀಬ್ಯಾಡ್ರಿ ಅಂತ ಬೋರ್ಡ್ ಹಾಕಬೇಕಂತ," ಎಂದಳು.

"ಹಾಕು. ಮೊದಲ ದಂಡ ನಮ್ಮವ್ವ ಕಟ್ತಾಳ," ಎಂದು ಮಲ್ಲೇಶಿ ನಕ್ಕ. ಆಮೇಲೆ, "ಅಲ್ಲ ಚಂಪಾ, ತೊಟ್ಟಲಾ ತೂಗ್ತೈತಿ ಅಂತ ತಾಯಿ ಕೈ ಕಟ್ಟೂದೇನು?" ಎಂದ.

"ಮತ್ತೇನ್ ಮಾಡಲಿ? ಬೆರಳು ತಾಗೂ ಹೊತ್ತಿಗೆ ತೊಟ್ಟಲಾ ಅಲ್ಲಿ ಬರಬಾರದು. ಹಂಗಂದ್ರ ತೊಟ್ಟಲದ ಹಗ್ಗಾನ..."

ಅವಳ ಮಾತು ಅರ್ಧಕ್ಕೇ ನಿಂತಿತು. ಹಗ್ಗ ಗಿಡ್ಡವಾದರೆ ತೊಟ್ಟಿಲು ಬೇಗ ಬೇಗ ತೂಗುತ್ತದೆ, ಉದ್ದವಾದರೆ ನಿಧಾನ. ಸೇತುವೆಯೂ ಹಾಗೆಯೇ, ಬಿಗಿ ಮಾಡಿದರೆ ಅದರ ಲಯ ಚುರುಕಾಗುತ್ತದೆ, ಸಡಿಲಿಸಿದರೆ ಮಂದವಾಗುತ್ತದೆ. ಬೇಸಿಗೆಯ ಬಿಸಿಲಿಗೆ ಹಗ್ಗಗಳು ಜೋತು ಬೀಳದಿರಲೆಂದು ಅವುಗಳೊಳಗೆ ಒಂದು ಮಿಶ್ರಲೋಹದ ತಂತಿಯನ್ನು ಅವಳೇ ಹೆಣೆಸಿದ್ದಳು. ವಿದ್ಯುತ್ ಹಾಯಿಸಿ ಕಾಯಿಸಿದರೆ ಅದು ಸೆಟೆದು ಬಿಗಿಯುತ್ತದೆ, ಆರಿದರೆ ಸಡಿಲುತ್ತದೆ. ಜನರ ಹೆಜ್ಜೆಯನ್ನು ತಪ್ಪಿಸುವ ಬದಲು ಸೇತುವೆಯೇ ತನ್ನ ಲಯ ಬದಲಿಸಿಕೊಂಡರೆ?

"ಮೊದಲ ಯಾಕ ಹೊಳೀಲಿಲ್ಲ ಇದು?" ಎಂದು, ಅವಳು ಬಿಡಿಸಿ ಹೇಳಿದ ಮೇಲೆ, ಮಲ್ಲೇಶಿ ಕೇಳಿದ.

"ಹೊಳದಿತ್ತು. ಆದ್ರ ತಂತಿ ಕಾಯಾಕ ಒಂದ್ ಐದಾರು ರೊಟ್ಟಿ ಬೇಯೂವಷ್ಟು ಹೊತ್ತು ಬೇಕು. ಮಂದಿ ಹೆಜ್ಜಿ ಕೂಡಾಕ ಒಂದ್ ತುತ್ತು ನುಂಗೂವಷ್ಟು ಹೊತ್ತು ಸಾಕು. ಅದಕ್ಕ ಬಿಟ್ಟಿದ್ದೆ. ಈಗ ಹಲಗಿ ಅದಾವಲ್ಲ! ಮಂದಿ ಮೆಟ್ಟಲ ಹತ್ತೂವಾಗನ ಎಷ್ಟು ಮಂದಿ, ಎಂಥಾ ನಡಿಗಿ ಅಂತ ಅವು ಹೇಳ್ತಾವ. ಮಂದಿ ನಡುಹೊಳಿ ಮುಟ್ಟೂದರಾಗ ತಂತಿ ಬಿಗಿ ಆಗಿರತೈತಿ."

ಅವಳು ಎರಡು ರೊಟ್ಟಿ ಗಬಗಬನೆ ತಿಂದು ಎದ್ದಳು.

ಪ್ರಯೋಗಕ್ಕೆ ಕಾಲೇಜಿನ ಎನ್‌ಸಿಸಿ ತುಕಡಿಯನ್ನು ಕರೆಸಿದರು. ಹಲಗೆಗಳು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದವು; ತಂತಿಗಳು ಬಿಗಿದವು. ಹುಡುಗ ಹುಡುಗಿಯರು ಎದೆ ಸೆಟೆಸಿ ಸಾಲಾಗಿ ಹೆಜ್ಜೆ ಕುಟ್ಟುತ್ತ ಹೋದರು. ಸೇತುವೆ ಒಂದು ಬೆರಳಿನಷ್ಟೂ ವಾಲಲಿಲ್ಲ. ಅವರ ಹಿಂದೆಯೇ ನಾಗವ್ವ, ಹಸೀನಾಬಿ ಕೈ ಹಿಡಿದು ಹೊರಟರು. ನಡುಹೊಳೆಯಲ್ಲಿ ಇಬ್ಬರೂ ಯಾವುದೋ ಮಾತಿಗೆ ಜೋರಾಗಿ ನಕ್ಕದ್ದು ದಂಡೆಗೂ ಕೇಳಿಸಿತು.

ಉಳಿದದ್ದು ದಿಬ್ಬಣ. ಅದು ಕವಾಯತಿನಷ್ಟು ಸುಲಭವಲ್ಲ. ಚಂಪಾ ಫಕ್ಕೀರಪ್ಪನ ಅಂಗಳಕ್ಕೆ ಹೋಗಿ ತಾಲೀಮು ಕೇಳಿದಳು. ಆರಂಭದಲ್ಲಿ ಮೇಳ ಆನೆಯ ನಡಿಗೆಯಷ್ಟು ನಿಧಾನ. ಕೊನೆಯಲ್ಲಿ ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ. ನಿಧಾನದ ನಡಿಗೆಗೆ ಬಿಗಿಯಾದ ಸೇತುವೆ ಬೇಕು. ಚುರುಕಿನ ಕುಣಿತಕ್ಕೆ ಅದೇ ಬಿಗಿ ಅಪಾಯ, ಆಗ ಸಡಿಲಿರಬೇಕು. ತಾಳ ಏರುವಾಗ, ಸೇತುವೆ ಇಳಿಯುವಾಗ, ನಡುವೆ ಎಲ್ಲೋ ಒಂದು ಕಡೆ ಎರಡರ ಲಯವೂ ಮುಖಾಮುಖಿ ಆಗಲೇಬೇಕು. ಅಲ್ಲೇ ತೊಟ್ಟಿಲು ತೂಗುವುದು. ಈ ಎರಡನ್ನೂ ತಾಗದಂತೆ ದಾಟಿಸುವುದು ಹೇಗೆ?

ಅವಳು ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಮೇಳ ಅಂಗಳದ ನಡುವೆ ನಿಂತುಬಿಟ್ಟಿತು. ಕಾಲು ಕದಲಿಸದೆ, ಕೈ ಮಾತ್ರ ಆಡಿಸುತ್ತ ಬಹಳ ಹೊತ್ತು ಬಾರಿಸಿದರು.

"ಇಲ್ಲ್ಯಾಕ ನಿಂತ್ರಿ ಅಣ್ಣಾರ?"

"ಆರತಿ ಅಲ್ರಿ ಅಕ್ಕಾರ! ದಿಬ್ಬಣ ಅಂದ ಮ್ಯಾಲ ನಾಕು ಕಡೆ ನಿಂದ್ರಬೇಕು. ಹೆಣ್ಣಮಕ್ಕಳು ಬೆಳಗತಾರ, ನಾವು ನಿಂತು ಬಾರಸ್ತೀವಿ. ಆಮ್ಯಾಲ ಕುಣಿತ."

ಚಂಪಾ ಕುಳಿತಲ್ಲಿಂದ ಎದ್ದೇಬಿಟ್ಟಳು. ನಿಂತ ಕಾಲು ಸೇತುವೆಯನ್ನು ತಳ್ಳುವುದಿಲ್ಲ. ಜನ ನಿಂತಿರುವಾಗ ತಂತಿ ಸಡಿಲಿಸಿದರೆ ಎರಡು ಲಯಗಳು ಮುಟ್ಟದೆ ದಾಟಿಹೋಗುತ್ತವೆ!

"ಅಣ್ಣಾರ, ನಡುಹೊಳಿಯಾಗ ಒಂದ ಸಲ ನಿಂದರ್ರಿ. ಗೋಪುರದ ಮ್ಯಾಲ ಹಸಿರು ದೀಪ ಹತ್ತೂತನಕ ಆರತಿ ನಡೀಲಿ. ದೀಪ ಹತ್ತಿದ ಮ್ಯಾಲ ನಿಮ್ಮ ಮನಸಿಗೆ ಬಂದಂಗ ಬಾರಿಸ್ರಿ."

"ದೀಪ ಹತ್ತದಿದ್ರ?"

"ಹತ್ತತೈತಿ," ಎಂದಳು. ಧೈರ್ಯ ಮಾತಿನಲ್ಲಿದ್ದಷ್ಟು ಎದೆಯಲ್ಲಿರಲಿಲ್ಲ.

ರಾಯರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿ. "ಅಂಗೈ ಅಗಲಕ್ಕಿಂತ ಹೆಚ್ಚು ವಾಲಿದರೆ ಸೇತುವೆ ಮುಚ್ಚಿಬಿಡ್ತೀನಿ. ಆಮೇಲೆ ದೋಣಿಯೇ ಗತಿ. ನಾನು ಇಲ್ಲಿಂದ ನೋಡ್ತಾ ಇರ್ತೀನಿ."

ಮದುವೆಯ ದಿನ ಬೆಳಗಿನ ಬಿಸಿಲು ಹಿತವಾಗಿತ್ತು. ಕಸ್ತೂರಿ ಹಸಿರು ಇಳಕಲ್ ಸೀರೆಯುಟ್ಟು, ಬಾಸಿಂಗ ಕಟ್ಟಿಕೊಂಡು ನಡುವೆ ನಡೆದಳು. ಮುಂದೆ ಸನಾದಿ, ತಾಳ, ಕರಡಿ. ಮಗಳ ಮದುವೆಯೆಂದು ಫಕ್ಕೀರಪ್ಪ ರೇಷ್ಮೆ ರುಮಾಲು ಸುತ್ತಿದ್ದ. ಹಿಂದೆ ಇಡೀ ಮುತ್ತಲದಿನ್ನಿ. ನಾಗವ್ವ, ಹಸೀನಾಬಿ ಆರತಿ ತಟ್ಟೆ ಹಿಡಿದಿದ್ದರು. ಕೊಠಡಿಯಲ್ಲಿ ಚಂಪಾ ಪರದೆಗೆ ಕಣ್ಣು ಅಂಟಿಸಿ ಕೂತಿದ್ದಳು. ನೂರಾರು ಚುಕ್ಕೆಗಳು ಒಟ್ಟಿಗೆ ಹೊತ್ತಿಕೊಂಡು ಒಟ್ಟಿಗೆ ಆರುತ್ತಿದ್ದವು. ಅದನ್ನು ನೋಡಿ ಅವಳಿಗೆ ಭಯವೂ ಆಯಿತು, ಮೈ ಜುಮ್ಮೆಂದಿತು ಕೂಡ. ಸೇತುವೆ ಅಲುಗಲಿಲ್ಲ.

ನಡುಹೊಳೆಯಲ್ಲಿ ದಿಬ್ಬಣ ನಿಂತಿತು. ಪ್ರಾಣೇಶ ತಂತಿಗಳ ವಿದ್ಯುತ್ ಇಳಿಸಿದ. ಹೊಳೆಯ ಗಾಳಿಗೆ ತಂತಿಗಳು ಆರತೊಡಗಿದವು. ಅವು ಇನ್ನೂ ಅರ್ಧದಷ್ಟೂ ಆರಿರಲಿಲ್ಲ, ಅಷ್ಟರಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಗಂಡಿನ ಗೆಳೆಯರು ಬೀಗರನ್ನು ಎದುರುಗೊಳ್ಳಲೆಂದು ಶಾಂತಪೇಟೆಯ ಕಡೆಯಿಂದ ಸಿಳ್ಳೆ ಹಾಕುತ್ತ ಓಡಿ ಬಂದರು. ಅವರಿಗೆ ಹಸಿರು ದೀಪದ ಮಾತು ಯಾರೂ ಹೇಳಿರಲಿಲ್ಲ. ನಿಂತು ಬಾರಿಸುತ್ತಿದ್ದ ತಾಳಕ್ಕೇ ಕುಣಿಯತೊಡಗಿದರು. ಹೆಣ್ಣಿನ ಕಡೆಯ ಹುಡುಗರು ಸುಮ್ಮನಿರುತ್ತಾರೆಯೇ? ಅವರೂ ನುಗ್ಗಿದರು.

"ಮೇಡಂ, ಎರಡು ಬೆರಳು!" ಎಂದ ಪ್ರಾಣೇಶ. ಸೇತುವೆ ವಾಲತೊಡಗಿತ್ತು. ಕುಣಿತದ ಲಯ, ಇಳಿಯುತ್ತಿದ್ದ ಸೇತುವೆಯ ಲಯ, ಎರಡೂ ಸರಿಯಾಗಿ ಮುಖಾಮುಖಿ. "ಮೂರು ಬೆರಳು! ಸೈರನ್ ಒತ್ತಲೇನ್ರೀ?"

"ಬ್ಯಾಡ! ಸೈರನ್ ಕೇಳಿದ್ರ ಎಲ್ಲಾರೂ ಒಮ್ಮೆಲೆ ಓಡ್ತಾರ."

ಇನ್ನೊಂದು ಪರದೆಯಿಂದ ರಾಯರ ದನಿ ಬಂತು: "ಚಂಪಾವತಿ, ಏನಾಗ್ತಿದೆ ಅಲ್ಲಿ?"

ಚಂಪಾಳಿಗೆ ಉತ್ತರಿಸಲು ಪುರುಸೊತ್ತಿರಲಿಲ್ಲ. ಕುಣಿಯುವವರ ಕಾಲ ಕೆಳಗಿನ ಹಲಗೆಗಳನ್ನಷ್ಟೇ ಪರದೆಯ ಮೇಲೆ ಗೆರೆ ಎಳೆದು ಸುತ್ತುವರಿದಳು, ಅವನ್ನು ಎಬ್ಬಿಸಿದಳು. ಈ ಸಲ ಕೂದಲೆಳೆಯಷ್ಟಲ್ಲ, ಪೂರ್ತಿ ಬಲದಲ್ಲಿ.

ಒಂದು ಗಳಿಗೆಯಲ್ಲಿ ಹುಡುಗರ ಕಾಲಿಗೆ ಕಾಲು ತೊಡರಿತು. ಬಲಗಾಲು ಎತ್ತಬೇಕಾದವನು ಎಡಗಾಲು ಎತ್ತಿದ, ಹಾರಿದವನು ಪಕ್ಕದವನ ಹೆಗಲ ಮೇಲೆ ಇಳಿದ, ಗಂಡಿನ ಕಡೆಯವನೊಬ್ಬ ಹೆಣ್ಣಿನ ಕಡೆಯವನನ್ನು ತಬ್ಬಿಕೊಂಡು ಕೂತೇಬಿಟ್ಟ. ನೋಡನೋಡುತ್ತ ಎಲ್ಲರೂ ಹುಲ್ಲಿನ ಸಿವುಡುಗಳಂತೆ ಒಬ್ಬರ ಮೇಲೊಬ್ಬರು ಬಿದ್ದರು. ಮೊದಲು ನಕ್ಕವಳು ಮದುಮಗಳು. ಬಾಸಿಂಗ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕಳು. ಆಮೇಲೆ ಎಲ್ಲರೂ. ಬಿದ್ದವರೂ ಏಳದೆ ನಕ್ಕರು.

"ಎರಡು ಬೆರಳು... ಒಂದು... ನಿಂತಿತ್ರೀ ಮೇಡಂ," ಎಂದು ಪ್ರಾಣೇಶ ಉಸಿರು ಬಿಟ್ಟ. ಅಷ್ಟರಲ್ಲಿ ಫಕ್ಕೀರಪ್ಪ ಪರಿಸ್ಥಿತಿ ಅರಿತು ಕೈಯೆತ್ತಿ ಮೇಳ ನಿಲ್ಲಿಸಿದ್ದ. ಅವನು ಗೋಪುರದ ಕಡೆಗೇ ನೋಡುತ್ತಿದ್ದ. ನಾಗವ್ವ, ಹಸೀನಾಬಿ ಮದುಮಗಳಿಗೆ ಸಾವಕಾಶವಾಗಿ ಆರತಿ ಎತ್ತಿದರು. ಹೆಂಗಸರು ಹಾಡು ಹೇಳಿದರು. ತಂತಿಗಳು ಪೂರ್ತಿ ಆರಿದವು.

ಚಂಪಾ ಹಸಿರು ದೀಪದ ಗುಂಡಿ ಒತ್ತಿದಳು.

ಫಕ್ಕೀರಪ್ಪನ ಎರಡೂ ಕೈ ಒಟ್ಟಿಗೆ ಬಿದ್ದವು. ಮುಂದಿನದು ಬಾರಿಸಾಟವೋ ಮಳೆಯೋ ಹೇಳಲಾಗದು. ಇಡೀ ದಿಬ್ಬಣ ಒಂದೇ ಹೆಜ್ಜೆಯಲ್ಲಿ ಕುಣಿಯಿತು. ಸಡಿಲಾದ ಸೇತುವೆ ಅಡಿಯಲ್ಲಿ ತನ್ನ ಮಂದ ಲಯ ಹಿಡಿದುಕೊಂಡು, ಅವರ ಕುಣಿತಕ್ಕೆ ಕಿವಿಗೊಡದೆ ತೆಪ್ಪಗೆ ನಿಂತಿತು. ಮದುಮಗಳು ಶಾಂತಪೇಟೆಯ ಮೆಟ್ಟಿಲಿಳಿದಾಗ ಅತ್ತಕಡೆಯವರು ಪಟಾಕಿ ಹಚ್ಚಿದರು.

ರಾಯರು ಪರದೆಯಲ್ಲಿ ಕನ್ನಡಕ ತೆಗೆದು ಕೂತಿದ್ದರು. "ಮೂರು ಬೆರಳು. ಅಂಗೈಗೆ ಇನ್ನೂ ಒಂದು ಬೆರಳು ಬಾಕಿ ಇತ್ತು," ಎಂದರು. ಮತ್ತೆ ಕನ್ನಡಕ ಏರಿಸಿ, "ಆ ಹುಡುಗರು ಬಿದ್ದದ್ದನ್ನ ಇನ್ನೊಂದು ಸಲ ತೋರಿಸ್ತೀರಾ?" ಎಂದು ಕೇಳಿದರು.

ಅಷ್ಟರಲ್ಲಿ ಚಂಪಾಳ ಫೋನು ರಿಂಗಾಯಿತು. ಹಿಂದೆ ಸನಾದಿಯ ಗದ್ದಲ, ಮುಂದೆ ಫಕ್ಕೀರಪ್ಪನ ಏದುಸಿರು.

"ಅಕ್ಕಾರ, ಸೇತುವಿ ದಣದೈತೇನ್ರಿ?"

"ಇಲ್ಲ. ಯಾಕ ಅಣ್ಣಾರ?"

"ಅಕ್ಷತಿಗಿನ್ನೂ ಹೊತ್ತೈತಿ. ಬೀಗರು ನಾವೂ ಒಂದ್ ಸಲ ದಾಟ್ತೀವಿ ಅಂತ ಹಟ ಹಿಡದಾರ. ಮ್ಯಾಳ ತಿರಿಗಿಸಿ ತರ್ತೀನಿ. ನೀವು ಆ ತಗಡಿನ ಕ್ವಾಣಿ ಬಿಟ್ಟು ಹೊರಗ ಬರ್‍ರಿ!"

ಚಂಪಾ ಪ್ರಾಣೇಶನ ಮುಖ ನೋಡಿದಳು. "ಹೋಗ್ರಿ ಮೇಡಂ, ನಾ ಇದ್ದೀನಿ. ಈ ಸಲ ಆ ಹುಡುಗರಿಗೂ ದೀಪದ ಮಾತು ಹೇಳಿ ಕಳಿಸ್ರಿ ಮತ್ತ," ಎಂದ ಅವನು, ತಂತಿಗಳಿಗೆ ವಿದ್ಯುತ್ ಏರಿಸುತ್ತ.

ಅವಳು ಮೆಟ್ಟಿಲು ಹತ್ತಿ ಸೇತುವೆಗೆ ಬಂದಾಗ ಆಚೆ ದಂಡೆಯಿಂದ ನಿಧಾನದ ತಾಳ ತೇಲಿ ಬರುತ್ತಿತ್ತು. ಜನ ಇನ್ನೂ ದೂರವಿದ್ದರು. ಸುಮ್ಮನೆ ನಡೆದುಹೋಗಿ ಎದುರಾಗಬೇಕೆಂದಷ್ಟೇ ಅವಳ ಎಣಿಕೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಾಲುಗಳು ತಾವಾಗಿಯೇ ಕರಡಿಯ ಪೆಟ್ಟಿಗೆ ಸರಿಯಾಗಿ ಬೀಳತೊಡಗಿದವು. ಚಂಪಾ ಅವನ್ನು ತಡೆಯಲಿಲ್ಲ. ಸೆರಗು ಸಿಕ್ಕಿಸಿಕೊಂಡು, ನಗುತ್ತ ದಿಬ್ಬಣದ ಕಡೆಗೆ ನಡೆದಳು.